ಪೊಟ್ಟಣದ ಮೇಲಿನ ಹಸಿರು ಚುಕ್ಕೆ

ಚಾತುರ್ಮಾಸ್ಯ ವ್ರತ ಹಿಡಿಯುವ ಮಾಧ್ವರ ಮನೆಯಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯ ತಿಂಗಳು ಹಾಲಿಲ್ಲ, ನಾಲ್ಕನೆಯ ತಿಂಗಳು ಬೇಳೆಕಾಳಿಲ್ಲ. ನೇಮನಿಷ್ಠೆಯ ಜೈನರ ಅಡುಗೆಮನೆಗೆ ಆಲೂಗಡ್ಡೆ, ಈರುಳ್ಳಿ ಬರುವುದಿಲ್ಲ. ಹೊತ್ತು ಮುಳುಗಿದ ಮೇಲೆ ಊಟವೂ ಇಲ್ಲ. ಉತ್ತರ ಕರ್ನಾಟಕದ ಲಿಂಗಾಯತರ ಮನೆಯಲ್ಲಿ ಬೆಳ್ಳುಳ್ಳಿ ಹಾಕಿದ ಶೇಂಗಾ ಚಟ್ನಿಪುಡಿ ರೊಟ್ಟಿಯ ಜೊತೆಗೆ ಇದ್ದೇ ಇರುತ್ತದೆ. ಮೊಟ್ಟೆ ತಿಂದು ಮಾಂಸ ಬಿಟ್ಟವರೂ ತಮ್ಮನ್ನು ಸಸ್ಯಾಹಾರಿ ಎಂದೇ ಹೇಳಿಕೊಳ್ಳುತ್ತಾರೆ. ಅಂಗಡಿಗೆ ಹೋದಾಗ ಇವರೆಲ್ಲರಿಗೂ ಸಿಗುವುದು ಒಂದೇ ಗುರುತು: ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಅದು ಕಾನೂನು ಎಳೆದ ಗೆರೆ. ನಿಮ್ಮ ಮನೆಯ ಗೆರೆ ಬೇರೆ ಕಡೆ ಇದ್ದರೆ, ಪೊಟ್ಟಣ ತಿರುಗಿಸಿ ಹಿಂಬದಿ ಓದುವ ಕೆಲಸ ನಿಮ್ಮದೇ.

ಈ ಗುರುತಿನ ನಿಯಮ ಬಂದದ್ದು 2001ರಲ್ಲಿ. ಈಗ ಅದನ್ನು ನೋಡಿಕೊಳ್ಳುವುದು ಎಫ್‌ಎಸ್‌ಎಸ್‌ಎಐ, ಅಂದರೆ ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ. ಅದರ ನಿಯಮದಲ್ಲಿ ಪ್ರಾಣಿ, ಪಕ್ಷಿ, ಮೀನು, ಕೀಟ ಇವುಗಳ ಯಾವುದೇ ಭಾಗ, ಮೊಟ್ಟೆ, ಪ್ರಾಣಿಜನ್ಯವಾದ ಯಾವುದೇ ಪದಾರ್ಥ ಸೇರಿದ್ದರೆ ಆ ತಿನಿಸು ಮಾಂಸಾಹಾರ. ಇದಕ್ಕೆ ವಿನಾಯಿತಿಯೂ ಇದೆ. ಹಾಲು, ಹಾಲಿನ ಉತ್ಪನ್ನ, ಜೇನುತುಪ್ಪ, ಜೇನುಮೇಣ ಮತ್ತು ಅರಗು ಇದ್ದರೂ ಹಸಿರು ಚುಕ್ಕೆ ಹಾಕಬಹುದು. ಅರಗು ಎಂಬುದು ಮರದ ಮೇಲೆ ಬದುಕುವ ಸಣ್ಣ ಕೀಟ ಸ್ರವಿಸುವ ಅಂಟು. ಚಾಕೊಲೇಟ್, ಮಿಠಾಯಿಗಳ ಹೊಳಪಿಗೆ ಅದನ್ನು ಬಳಿಯುತ್ತಾರೆ. ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಅದರ ಸಂಖ್ಯೆ 904. ಮೊಟ್ಟೆಯ ವಿಷಯದಲ್ಲಿ ಮಾತ್ರ ನಮ್ಮ ಕಾನೂನು ಬಿಗಿ: ಮೊಟ್ಟೆ ಇದ್ದರೆ ಕಂದು ಗುರುತು. ಮಾಂಸಾಹಾರದ ಪದಾರ್ಥ ಮೊಟ್ಟೆಯೊಂದೇ ಆಗಿದ್ದರೆ ಹಾಗೆಂದು ಪಕ್ಕದಲ್ಲಿ ಬರೆಯಲು ಅವಕಾಶವಿದೆ.

ಮೊದಲು ಮಾಂಸಾಹಾರದ ಗುರುತೂ ಚುಕ್ಕೆಯೇ ಆಗಿತ್ತು, ಬಣ್ಣ ಮಾತ್ರ ಕಂದು. ಹಸಿರು, ಕಂದುಗಳ ವ್ಯತ್ಯಾಸ ಕಾಣದ ಬಣ್ಣಗುರುಡು ಇರುವವರಿಗೆ ಎರಡೂ ಒಂದೇ. 2020ರ ನಿಯಮ ಕಂದು ಚುಕ್ಕೆಯ ಜಾಗಕ್ಕೆ ತ್ರಿಕೋನವನ್ನು ತಂದಿತು. ಸಣ್ಣ ಬದಲಾವಣೆ, ಆದರೆ ಇಷ್ಟು ವರ್ಷ ಕಾಯಬಾರದಿತ್ತು. ಹಾಲಿನ ಪದಾರ್ಥವನ್ನೂ ಜೇನನ್ನೂ ಬಿಟ್ಟವರಿಗಾಗಿ 2022ರಲ್ಲಿ ವೀಗನ್ ಆಹಾರದ ಪ್ರತ್ಯೇಕ ನಿಯಮ, ಪ್ರತ್ಯೇಕ ಲಾಂಛನ ಬಂದಿವೆ. ಈರುಳ್ಳಿ, ಬೆಳ್ಳುಳ್ಳಿಯ ಬಗ್ಗೆ ಮಾತ್ರ ಹಸಿರು ಚುಕ್ಕೆ ಏನನ್ನೂ ಹೇಳುವುದಿಲ್ಲ. 'ಮಸಾಲೆ ಪದಾರ್ಥಗಳು' ಎಂಬ ಒಂದೇ ಹೆಸರಿನಡಿ ಹಲವು ವಸ್ತು ಸೇರಿರಬಹುದಾದ್ದರಿಂದ, ವ್ರತದವರು ಸಿದ್ಧ ಮಸಾಲೆಪುಡಿಗಿಂತ ಮನೆಯಲ್ಲಿ ಹುರಿದು ಪುಡಿಮಾಡಿದ್ದನ್ನೇ ನೆಚ್ಚುವುದು ಮೇಲು.

ಇನ್ನು ಪದಾರ್ಥಗಳ ಪಟ್ಟಿ. ನಿಜವಾದ ಗೊಂದಲ ಇರುವುದು ಇಲ್ಲಿಯೇ. ಪನೀರ್ ಮಾಡಲು ಹಾಲಿಗೆ ನಿಂಬೆರಸವನ್ನೋ ಬೇರೆ ಹುಳಿಯನ್ನೋ ಹಾಕಿ ಒಡೆಸುತ್ತಾರೆ. ಚೀಸ್ ಹಾಗಲ್ಲ, ಹೆಚ್ಚಿನ ಬಗೆಗಳಿಗೆ ರೆನೆಟ್ ಎಂಬ ಕಿಣ್ವ ಬೇಕು. ಹಾಲು ಕುಡಿಯುವ ಎಳೆಗರುವಿನ ಜಠರದಿಂದ ಅದನ್ನು ತೆಗೆಯುವುದು ಯೂರೋಪಿನ ಹಳೆಯ ಪದ್ಧತಿ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಇಂದಿಗೂ ಕರುವಿನ ರೆನೆಟ್‌ನಿಂದಲೇ ಮಾಡಬೇಕೆಂಬುದು ಅಲ್ಲಿಯ ಕಟ್ಟಳೆ. ಹಾಲು ಸಸ್ಯಾಹಾರ ಅಂದಮೇಲೆ ಚೀಸೂ ಹೌದು ಎಂದು ತಿಳಿದವರಿಗೆ ಇದು ದೊಡ್ಡ ಆಘಾತ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಈಗ ಧಾರಾಳವಾಗಿ ಸಿಗುತ್ತದೆ, ಹಸಿರು ಚುಕ್ಕೆಯ ಚೀಸಿನಲ್ಲಿ ಕರುವಿನ ರೆನೆಟ್ ಇರಬಾರದು. ಬಿಡಿಯಾಗಿ ತೂಗಿ ಕೊಡುವ ವಿದೇಶಿ ಚೀಸಾದರೆ ಕೇಳದೆ ಕೊಳ್ಳಬೇಡಿ.

ಜೆಲಟಿನ್ ಇನ್ನೊಂದು. ದನ, ಹಂದಿಗಳ ಚರ್ಮ ಮತ್ತು ಮೂಳೆಯನ್ನು ಬೇಯಿಸಿ ತೆಗೆಯುವ ಇದು ಮಾರ್ಷ್‌ಮ್ಯಾಲೊ, ಮೆತ್ತನೆಯ ಅಂಟುಮಿಠಾಯಿಗಳಲ್ಲಿ ಇರುತ್ತದೆ. ಕಡಲಪಾಚಿಯ ಅಗರ್ ಅಗರ್, ಹಣ್ಣಿನ ಪೆಕ್ಟಿನ್ ಅದೇ ಕೆಲಸವನ್ನು ಮಾಡಬಲ್ಲವು.

ಸಸ್ಯ, ಪ್ರಾಣಿ ಎರಡು ಮೂಲದಿಂದಲೂ ಬರಬಲ್ಲ, ಪಟ್ಟಿಯಲ್ಲಿ ಬರೀ ಸಂಖ್ಯೆಯಾಗಿ ಕಾಣುವ ಪದಾರ್ಥಗಳೂ ಇವೆ. ಬಿಸ್ಕತ್ತು, ಐಸ್‌ಕ್ರೀಮಿನ 471 ತಾಳೆಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಕೊಬ್ಬಿನಿಂದಲೂ ಆಗುತ್ತದೆ. ಚಿಪ್ಸ್, ನೂಡಲ್ಸ್ ಮಸಾಲೆಗೆ ರುಚಿ ಏರಿಸುವ 631 ಮರಗೆಣಸಿನ ಪಿಷ್ಟವನ್ನು ಹುದುಗಿಸಿಯೂ ಬರುತ್ತದೆ, ಮೀನು ಮಾಂಸದಿಂದಲೂ ಬರುತ್ತದೆ. ಸಂಖ್ಯೆ ನೋಡಿ ಮೂಲ ಯಾವುದೆಂದು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಇದೇ 631ರ ಉದಾಹರಣೆ ಎತ್ತಿಕೊಂಡು ದೆಹಲಿ ಹೈಕೋರ್ಟ್ 2021ರ ಡಿಸೆಂಬರಿನಲ್ಲಿ ಒಂದು ಆದೇಶ ಕೊಟ್ಟಿತು: ಪದಾರ್ಥ ಎಷ್ಟೇ ಅಲ್ಪ ಪ್ರಮಾಣದಲ್ಲಿರಲಿ, ಅದು ಸಸ್ಯದಿಂದ ಬಂದದ್ದೋ ಪ್ರಾಣಿಯಿಂದ ಬಂದದ್ದೋ ಎಂಬುದನ್ನು ತಿಳಿಸಬೇಕು. ಏನು ತಿನ್ನುತ್ತಿದ್ದೇವೆಂದು ತಿಳಿಯುವುದು ತಿನ್ನುವವರ ಹಕ್ಕು, ಅದು ಸಂಖ್ಯೆಯ ಹಿಂದೆ ಮರೆಯಾಗಬಾರದು. ಅನುಮಾನವಿದ್ದರೆ ಪೊಟ್ಟಣದ ಮೇಲಿನ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆದು, ಆ ಸಂಖ್ಯೆಯ ಮೂಲ ಯಾವುದೆಂದು ಕೇಳಿ.

ಮಿಠಾಯಿ ಮೇಲಿನ ಬೆಳ್ಳಿ ರೇಕಿನ ಕಥೆಯೂ ಹೀಗೆಯೇ. ಅದನ್ನು ದನದ ಕರುಳಿನ ಪೊರೆಗಳ ನಡುವೆ ಇಟ್ಟು ಬಡಿದು ತೆಳುವಾಗಿಸುತ್ತಿದ್ದರು. ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಕೂಡದೆಂದು 2016ರಲ್ಲಿ ನಿಯಮವಾಯಿತು.

ಪೊಟ್ಟಣವಿಲ್ಲದೆ ಬಿಡಿಯಾಗಿ ಮಾರುವ ತಿನಿಸಿನ ಮೇಲೆ ಗುರುತು ಹುಡುಕಿ ಫಲವಿಲ್ಲ. ಬೇಕರಿಯಲ್ಲಿ ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ಕೇಳಿ. ಎರಡೂ ಬಗೆಯ ಊಟ ಇರುವ ಹೋಟೆಲಿನಲ್ಲಿ ಗೋಬಿ ಮಂಚೂರಿ ಕರಿಯುವ ಬಾಣಲೆ ಬೇರೆಯೇ ಎಂದು ಕೇಳಿ. ಹೀಗೆ ಕೇಳಲು ಸಂಕೋಚ ಬೇಡ.

ವಿದೇಶಕ್ಕೆ ಹೋದ ಕನ್ನಡಿಗರು ಇನ್ನಷ್ಟು ಎಚ್ಚರ ವಹಿಸಬೇಕು. ಬ್ರಿಟನ್ನಿನಲ್ಲಿ 'ವೆಜಿಟೇರಿಯನ್' ಎಂದು ಬರೆದ ತಿನಿಸಿನಲ್ಲಿ ಮೊಟ್ಟೆ ಇರಬಹುದು, ಅಲ್ಲಿ ಅದು ತಪ್ಪಲ್ಲ. ಥಾಯ್ ಊಟದಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಗುಲಾಬಿ ಬಣ್ಣದ ಮಿಠಾಯಿ, ಹಣ್ಣಿನ ಮೊಸರುಗಳಲ್ಲಿ 120 ಅಥವಾ ಕಾರ್ಮೈನ್ ಎಂದು ಕಂಡರೆ, ಅದು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೀಟವನ್ನು ಒಣಗಿಸಿ ಅರೆದ ಬಣ್ಣ.

ಕೊನೆಯದು ಔಷಧ. ಸಸ್ಯಾಹಾರಿಗಳಿಗೆ ಬಿ12 ಜೀವಸತ್ವದ ಕೊರತೆ ಬರುವುದುಂಟು, ಏಕೆಂದರೆ ಅದು ಸೊಪ್ಪು, ಕಾಳುಗಳಲ್ಲಿ ಇಲ್ಲ. ಹಾಲು, ಮೊಸರಿನಲ್ಲಿ ಇದೆ. ವೈದ್ಯರು ಬರೆದುಕೊಡುವ ಬಿ12 ಅನ್ನು ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಾರೆ, ಅದರಲ್ಲಿ ತೊಡಕಿಲ್ಲ. ಆದರೆ ಅದು ಕ್ಯಾಪ್ಸೂಲ್ ಆಗಿದ್ದರೆ ಹೊರಕವಚ ಬಹುಪಾಲು ಜೆಲಟಿನ್‌ದು. ಪೂರಕ ಆಹಾರವೆಂದು ಮಾರುವ ಕ್ಯಾಪ್ಸೂಲಿಗೆ ಹಸಿರು ಅಥವಾ ಕಂದು ಗುರುತು ಕಡ್ಡಾಯ. ಔಷಧವೆಂದು ಮಾರಿದರೆ ಆ ನಿಯಮ ಅನ್ವಯಿಸುವುದಿಲ್ಲ. ಡಿ3 ಜೀವಸತ್ವ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಡಿ2 ಅಣಬೆ ಅಥವಾ ಯೀಸ್ಟ್‌ನಿಂದ. ಇದನ್ನು ತಿಳಿದು ಔಷಧವನ್ನೇ ನಿಲ್ಲಿಸಿಬಿಡಬೇಡಿ. ಚೀಟಿ ಬರೆಯುವಾಗಲೇ ನೀವು ಸಸ್ಯಾಹಾರಿಯೆಂದು ವೈದ್ಯರಿಗೆ ಹೇಳಿ; ಕ್ಯಾಪ್ಸೂಲ್ ಬದಲು ಮಾತ್ರೆ ಇದೆಯೇ, ಇಲ್ಲವಾದರೆ ಸಸ್ಯದ ನಾರಿನಿಂದ ಮಾಡಿದ ಕವಚದ್ದು ಸಿಗುತ್ತದೆಯೇ ಎಂದು ಅವರನ್ನೇ ಕೇಳಿ.