ಖಾಲಿ ಕಂಡದ್ದು ಯಾರ ಕಣ್ಣಿಗೆ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕನ ಶಾಸನ ಬರೆದವನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ತಾನು ಲಿಪಿಕಾರ ಎಂದು ಹೇಳಿಕೊಳ್ಳುವ ಕೊನೆಯ ಪದವನ್ನು ಮಾತ್ರ ಆತ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಇದ್ದಿರಲಾರರು. ಪರಸ್ಥಳದಲ್ಲಿ ನೌಕರಿಗಿದ್ದವನ ಸಣ್ಣ ಜಂಬವೋ ಊರಿನ ನೆನಪೋ, ಅಂತೂ ಹೊರಗಿಂದ ಬಂದು ಇಲ್ಲಿ ಸರ್ಕಾರಿ ಕೆಲಸ ಮಾಡಿದ ಒಬ್ಬನ ಗುರುತು ಹೀಗೆ ಕಲ್ಲಿನಲ್ಲಿ ಉಳಿದಿದೆ. ಶಾಸನದ ಸಂಗತಿ ದಿನಬಳಕೆಯ ನಡತೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಇಸಿಲದ ಅಧಿಕಾರಿಗಳಾದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಅರಸನ ಅಪ್ಪಣೆ ತಿಳಿಸುತ್ತಾನೆ: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರಿಷ್ಟರೊಡನೆ ತಕ್ಕಂತೆ ನಡೆಯಬೇಕು. ಕೊನೆಗೆ ಒಂದು ಜಾಣತನವಿದೆ. ಇದೆಲ್ಲ ಪುರಾತನ ಕಾಲದಿಂದ ನಡೆದು ಬಂದದ್ದೇ ಎನ್ನುತ್ತದೆ ಶಾಸನ. ದೂರದ ಅರಮನೆಯ ಆಜ್ಞೆ ಊರಿನ ಹಳೆಯ ನಡಾವಳಿಯ ವೇಷ ತೊಟ್ಟು ಬಂದಿದೆ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಇದೇ ಬೆಟ್ಟದ ತಪ್ಪಲನ್ನು ಅಗೆಸಿದಾಗ, ಮೌರ್ಯರಿಗಿಂತ ಹಿಂದೆಯೇ ನುಣುಪು ಕಲ್ಲಿನ ಕೊಡಲಿ ಹಿಡಿದ ಜನ ಇಲ್ಲಿ ಬಾಳಿದ್ದು ಕಂಡುಬಂತು. ಅಷ್ಟು ಕಾಲ ಒಂದು ಕಡೆ ನೆಲೆ ನಿಂತವರಿಗೆ ತಮ್ಮದೇ ಕಟ್ಟುಕಟ್ಟಳೆ ಇಲ್ಲದಿರಲು ಸಾಧ್ಯವಿಲ್ಲ. ಅದೇನೆಂದು ಮಹಾಮಾತ್ರರು ಕೇಳಿದರೋ ಇಲ್ಲವೋ, ಬಂಡೆ ಹೇಳುವುದಿಲ್ಲ. ಆದರೂ ಹಳೆಯದೊಂದು ಇದೆಯೆಂದು ಒಪ್ಪಿಕೊಂಡೇ ಹೊಸದನ್ನು ಹೇಳುವ ಸೌಜನ್ಯ ಆ ಆಡಳಿತಕ್ಕಿತ್ತು. ಆಮೇಲೆ ಬಂದವರಲ್ಲಿ ಅದು ಅಪರೂಪ.

ಹೊರಗಿನವನು ಒಂದು ಸಮಾಜದ ನಿಯಮಗಳ ಬಗ್ಗೆ ಮಾತಾಡುವುದು ತಪ್ಪಲ್ಲ. ಉದಾಹರಣೆಗೆ, ಥಾಯ್ಲೆಂಡಿನಲ್ಲಿ ನೆಲೆಸಿದ ವಿದೇಶಿಯರು ಅಲ್ಲಿನ ರಸ್ತೆ, ಪೊಲೀಸು, ಕಚೇರಿ, ಕಾನೂನುಗಳ ಬಗ್ಗೆ ಬರೆದು ಗುಡ್ಡೆ ಹಾಕಿದ್ದಾರೆ. ಅವರ ಬರಹದಲ್ಲಿ ಗೊಣಗಾಟ ಎಷ್ಟೇ ಇದ್ದರೂ ಒಂದು ತೂಕವಿರುತ್ತದೆ, ಯಾಕೆಂದರೆ ಆ ನಿಯಮಗಳು ಅವರ ಬೆನ್ನ ಮೇಲೇ ಇವೆ. ದೀರ್ಘಾವಧಿ ವೀಸಾದಲ್ಲಿ ಇರುವವರು 90 ದಿನಕ್ಕೊಮ್ಮೆ ವಲಸೆ ಇಲಾಖೆಗೆ ತಮ್ಮ ವಿಳಾಸ ಒಪ್ಪಿಸಬೇಕು. ತಮ್ಮ ಹೆಸರಿಗೆ ನೆಲ ಕೊಳ್ಳುವಂತಿಲ್ಲ, ಓಟು ಹಾಕುವಂತಿಲ್ಲ. ರಾಜಮನೆತನವನ್ನು ಹೀಯಾಳಿಸಿದರೆ 15 ವರ್ಷದವರೆಗೆ ಜೈಲು ಎನ್ನುವ ಕಾನೂನು ಅಲ್ಲಿನವರಿಗೆ ಹೇಗೋ ಇವರಿಗೂ ಹಾಗೇ. ಇವರ ಅಭಿಪ್ರಾಯ ತಪ್ಪಾದರೆ ಥಾಯ್ ರೈತನ ಒಂದು ಗದ್ದೆಯೂ ಅಲುಗುವುದಿಲ್ಲ. ಮೊಳಕಾಲ್ಮೂರು, ಅದರ ಪಕ್ಕದ ಚಳ್ಳಕೆರೆಗಳ ಕಥೆ ಇದಕ್ಕೆ ತಿರುವುಮುರುವು. ಇಲ್ಲಿಗೆ ಹೊರಗಿಂದ ಬಂದ ಕಣ್ಣು ಬಹುಮಟ್ಟಿಗೆ ನಿಯಮದ ಮೇಲೆ ಕೂತ ಕಣ್ಣು. ಅದು ಕಂಡದ್ದೇ ಕಡತವಾಯಿತು, ಕಡತವೇ ಆಜ್ಞೆಯಾಯಿತು. ಒಂದು ನಿಯಮವನ್ನು ನಿಜವಾಗಿ ಕಾಣುವವನು ಅದರ ಭಾರ ಹೊತ್ತವನು. ಭಾರ ಹೊರದವನಿಗೆ ಅದು ಒಂದೋ ವಿಚಿತ್ರವಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ.

ವಿಚಿತ್ರವಾಗಿ ಕಂಡದ್ದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದ ಬಿ.ಎಲ್. ರೈಸ್ ಬೆಂಗಳೂರಿನಲ್ಲೇ ಹುಟ್ಟಿದ ಮಿಷನರಿಯ ಮಗ. ಅವರ ಕನ್ನಡ ಪ್ರೀತಿಯನ್ನು ಯಾರೂ ಶಂಕಿಸಲಾರರು. ಆದರೆ ಆ ಕಾಲದ ಜನಗಣತಿ ವರದಿ, ಗೆಜೆಟಿಯರು, ಅವುಗಳನ್ನು ಆಧರಿಸಿ 1909ರಲ್ಲಿ ಬಂದ, ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗೆಗಿನ ಥರ್ಸ್ಟನ್ನನ ಸಂಪುಟಗಳನ್ನು ತೆರೆದರೆ, ಈ ಸೀಮೆಯ ದನಗಾಹಿ ಬುಡಕಟ್ಟಾದ ಮ್ಯಾಸಬೇಡರ ವಿಚಾರದಲ್ಲಿ ಎದ್ದು ಕಾಣುವುದು ಏನು ತಿನ್ನುತ್ತಾರೆ, ಏನು ಮುಟ್ಟುವುದಿಲ್ಲ, ಹೆಂಡವನ್ನು ಎಷ್ಟು ದೂರ ಇಡುತ್ತಾರೆ ಎನ್ನುವ ಪಟ್ಟಿ. ಇವತ್ತಿನ ಕ್ಯಾಮೆರಾಗಳೂ ಅದೇ ಹಾದಿಯವು. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ದೈವ ಕ್ಯಾತಪ್ಪನ ಪರಿಷೆಯಲ್ಲಿ ಬಾರೆ ಕಳ್ಳೆಯ ಗುಡಿ ಕಟ್ಟಿ, ಬರಿಗಾಲಲ್ಲಿ ಮುಳ್ಳು ತುಳಿದು ಹತ್ತಿ ಕಳಸ ಇಳಿಸುತ್ತಾರೆ. ಹೊರಗಿನವರು ಮುಗಿಬೀಳುವುದು ಆ ಕ್ಷಣಕ್ಕೆ. ವರ್ಷದ ಉಳಿದ ದಿನಗಳಲ್ಲಿ ಯಾವ ಹಟ್ಟಿಯ ಕುರಿ ಯಾವ ದಿಕ್ಕಿಗೆ ಹೋಗಬೇಕು, ಯಾವ ಹಳ್ಳದ ನೀರು ಯಾರಿಗೆ ಎನ್ನುವ ಒಪ್ಪಂದ ಯಾವ ವಿಡಿಯೋಗೂ ಸಿಗುವುದಿಲ್ಲ.

ಆ ಒಪ್ಪಂದಗಳ ಪೈಕಿ ದೇವರ ಎತ್ತಿನದು ದೊಡ್ಡದು. ಮ್ಯಾಸನಾಯಕರೆಂದೂ ಕರೆಸಿಕೊಳ್ಳುವ ಮ್ಯಾಸಬೇಡರು ಕಟ್ಟೆಮನೆಗಳೆಂಬ ಪಂಗಡಗಳಾಗಿ ಹಂಚಿಹೋಗಿದ್ದಾರೆ. ಬುಡಕಟ್ಟಿನ ದೇವರುಗಳಿಗೆ ಬಿಟ್ಟ ದನಗಳಿವೆ, ಅವನ್ನು ಕಾಯಲು ಕಿಲಾರಿಗಳಿದ್ದಾರೆ. ಈ ದನಗಳ ಎತ್ತನ್ನು ನೇಗಿಲಿಗೆ ಹೂಡುವಂತಿಲ್ಲ, ಸಂತೆಯಲ್ಲಿ ಮಾರುವಂತಿಲ್ಲ, ಸತ್ತರೆ ಮಣ್ಣು ಮಾಡಬೇಕು. ಕಿಲಾರಿ ಹಿಂಡಿನ ಜೊತೆ ಮಲಗಿ ಏಳಬೇಕು, ಮೇವು ನೀರು ಇರುವ ಕಡೆ ನಡೆಯಬೇಕು. ಊರವರು ಸುಗ್ಗಿಯಲ್ಲಿ ಕಾಳುಕಡಿ, ಸೊಪ್ಪೆ ಕೊಡಬೇಕು. ಮೇಲುನೋಟಕ್ಕೆ ಭಕ್ತಿ. ಒಳಗೆ ನೋಡಿದರೆ, ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದರಲ್ಲಿ ಒಂದು ದನದ ತಳಿಯನ್ನು ಯಾರೊಬ್ಬರ ಸಾಲ, ಮದುವೆ, ಬರಗಾಲಕ್ಕೂ ಕರಗದಂತೆ ಕಾಪಾಡಿಕೊಳ್ಳುವ ಆಡಳಿತ. ಒಡೆಯನೇ ದೇವರಾದ್ದರಿಂದ ಮಾರುವ ಹಕ್ಕು ಯಾರಿಗೂ ಇಲ್ಲ. ಟ್ರಸ್ಟ್ ಡೀಡು, ಬೈಲಾ, ಅಧ್ಯಕ್ಷ, ಕಾರ್ಯದರ್ಶಿಗಳ ಮೂಲಕ ನಾವು ಮಾಡುವುದನ್ನು ಇವರು ಹರಕೆ ಮತ್ತು ಭಯದ ಮೂಲಕ ಮಾಡಿದ್ದಾರೆ. ನಮ್ಮ ಸಂಘಗಳಲ್ಲಿ ಎಷ್ಟು ಇಷ್ಟು ಕಾಲ ಉಳಿದಿವೆ ಎಂದು ಲೆಕ್ಕ ಹಾಕಿದರೆ ಯಾವುದು ಗಟ್ಟಿ ಎನ್ನುವುದು ತಿಳಿಯುತ್ತದೆ.

ಇನ್ನು ಕಾಣದೇ ಹೋದದ್ದಕ್ಕೆ ಸಾಕ್ಷಿ ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಫಿರಂಗಿ ಎಳೆಯುವ ಎತ್ತುಗಳಿಗಾಗಿ ಹುಲ್ಲುಗಾವಲುಗಳನ್ನು ಕಾದಿಟ್ಟರು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಋತುವಿಗೆ ತಕ್ಕಂತೆ ವಿಂಗಡಿಸಿದರು. 1799ರ ನಂತರ ಇದನ್ನು ನಡೆಸಿದ ಬ್ರಿಟಿಷರು 1860ರಲ್ಲಿ ಖರ್ಚು ಉಳಿಸಲು ಹಿಂಡನ್ನೇ ಮಾರಿದರು. ಮಾರಿದ ಮೇಲೆ ಸೈನ್ಯಕ್ಕೆ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಯಿತು. ಕಡತದಲ್ಲಿ ದಂಡವೆಂದು ಕಂಡದ್ದು ನೆಲದ ಮೇಲೆ ಎಷ್ಟು ಬೇಕಾಗಿತ್ತು ಎನ್ನುವುದಕ್ಕೆ ಇದೊಂದೇ ಪಾಠ ಸಾಲಬೇಕಿತ್ತು. ಸಾಲಲಿಲ್ಲ. 2010ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಉಳ್ಳಾರ್ತಿ ಕಾವಲು, ಕುದಾಪುರದ ಕಡೆಯ ಸುಮಾರು 10,000 ಎಕರೆ ಕೈ ಬದಲಾಯಿತು. ಡಿಆರ್‌ಡಿಒಗೆ 4,000 ಎಕರೆಗೂ ಹೆಚ್ಚು, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ ಸುಮಾರು 1,800, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 570ರಷ್ಟು. ಕಾಂಪೌಂಡ್ ಗೋಡೆ ಏಳತೊಡಗಿದಾಗಲೇ ನಮಗೆ ವಿಷಯ ತಿಳಿದದ್ದು ಎಂಬುದು ಸುತ್ತಲಿನ ಹಳ್ಳಿಗಳವರ ದೂರು. 2013ರಲ್ಲಿ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು, 2014ರಲ್ಲಿ ತೀರ್ಪು ಬಂತು, ಯೋಜನೆಗಳು ನಿಲ್ಲಲಿಲ್ಲ. 2017ರ ಮೇ 28ರಂದು ವರವು ಕಾವಲಿನಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಈ ನೆಲ ಉಳುಮೆಯಿಲ್ಲದ್ದು, ಮನೆಯಿಲ್ಲದ್ದು. ಆದ್ದರಿಂದ ಖಾಲಿ ಎಂಬುದು ಹಂಚಿಕೆಯ ಹಿಂದಿದ್ದ ನೋಟ. ಅಲ್ಲಿ ಮೇಯುತ್ತಿದ್ದ ಕುರಿಯ ಉಣ್ಣೆ ಚಳ್ಳಕೆರೆಯ ಕಂಬಳಿ ಸಂತೆಗೆ ಬರುತ್ತಿತ್ತು. ದನ ಮೇಯುತ್ತಿತ್ತು, ಸೌದೆ, ಬಾರೆಹಣ್ಣು, ಔಷಧಿ ಸೊಪ್ಪು ಸಿಗುತ್ತಿದ್ದವು, ಕೃಷ್ಣಮೃಗಗಳು ಓಡಾಡುತ್ತಿದ್ದವು. ಪಹಣಿಯ ಕಲಮುಗಳಲ್ಲಿ ಇದಕ್ಕೆಲ್ಲ ಜಾಗವಿಲ್ಲ.

ಇದಕ್ಕೆ ಎದುರು ಮಾತುಗಳಿವೆ, ಹಗುರವೂ ಅಲ್ಲ. ಕಾವಲೇನು ಊರವರ ಆಸ್ತಿಯೇ, ಅದೂ ಅರಸರು ಹೇರಿದ್ದೇ ಅಲ್ಲವೇ ಎಂದು ಕೇಳಬಹುದು. ನಿಜ, ಸಾಮಾನ್ಯ ರೈತನ ದನ ಕಾವಲಿಗೆ ನುಗ್ಗದಂತೆ ತಡೆಯುವುದೇ ಅದರ ಮೊದಲ ಉದ್ದೇಶ. ಆದರೆ ಅರಸೊತ್ತಿಗೆ ಹೋಗಿ, ಫಿರಂಗಿ ಎತ್ತಿನ ಅಗತ್ಯ ಮುಗಿದ ಮೇಲೂ ಆ ಹುಲ್ಲು ಉಳಿಯಿತಲ್ಲ, ಯಾರ ಕಾವಲಿನಲ್ಲಿ ಎಂದು ಕೇಳಬೇಕು. ಇಲಾಖೆಯ ಒಬ್ಬಿಬ್ಬರು ನೌಕರರಿಂದ ಸಾವಿರಾರು ಎಕರೆ ಕಾಯಲಾಗದು; ಬಳಸುವವರ ನಡುವಿನ ಮಿತಿ ಇದ್ದದ್ದರಿಂದ ಅದು ಉಳಿಯಿತು. ಹೊರಗಿನ ಕಟ್ಟಳೆ ತಲೆಮಾರುಗಳಲ್ಲಿ ಒಳಗಿನದಾಗಬಹುದು, ಮನೆಮಾತು ತೆಲುಗಾದ ಮ್ಯಾಸನಾಯಕರು ಈ ಸೀಮೆಯವರೇ ಆದಂತೆ. 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳ್ಳಿಗಳ ಸಮುದಾಯದ ನೆಲವನ್ನು ಉಳಿಸಿಕೊಡಿ ಎಂದು ರಾಜ್ಯಗಳಿಗೆ ಹೇಳಿದ್ದೂ ಬಳಕೆಯ ಈ ತೂಕವನ್ನು ಅರಿತೇ. ದೇಶಕ್ಕೆ ರಕ್ಷಣೆ ಬೇಡವೇ, ವಿಜ್ಞಾನ ಬೇಡವೇ ಎನ್ನುವುದು ಎರಡನೆಯ ಮಾತು. ಬೇಕು. ಬೆಂಗಳೂರಿನ ಹತ್ತಿರ ಇಷ್ಟು ನೆಲ ಸಿಗುವುದೂ ಇಲ್ಲ. ಆದರೆ ಬೇರೆ ಕಡೆ ನೆಲ ಸಿಗದಿರುವುದು ಅಲ್ಲಿನವರು ಆ ನೆಲದ ಬಳಕೆದಾರರೆಂದು ಗುರುತಿಸಿಕೊಂಡಿರುವುದರಿಂದ. ಕುರಿ ಕಾಯುವವನನ್ನು ಹಾಗೆ ಗುರುತಿಸಲಿಲ್ಲ ಎನ್ನುವುದೇ ಇಲ್ಲಿನ ತಕರಾರು.

ಮೂರನೆಯದು ಕಠಿಣ. ಒಳಗಿನ ನಿಯಮಗಳನ್ನು ಹೀಗೆ ಹೊಗಳುತ್ತ ಹೋದರೆ, ಮುಟ್ಟಾದ ಹೆಣ್ಣನ್ನು, ಬಾಣಂತಿಯನ್ನು ಹಸುಗೂಸಿನ ಸಮೇತ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇಡುವ ಗೊಲ್ಲರಹಟ್ಟಿಗಳ ಕಟ್ಟಳೆಗೆ ಏನು ಹೇಳುತ್ತೀರಿ? ಅದನ್ನು ಪ್ರಶ್ನಿಸಿದ್ದು ಹೊರಗಿನ ಕಾನೂನೇ ಅಲ್ಲವೇ? ಹೌದು. ಮೌಢ್ಯ ತಡೆಯಲು ಕರ್ನಾಟಕ 2017ರಲ್ಲಿ ಮಾಡಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಇಂಥ ಬಲವಂತದ ಹೊರಗಿಡುವಿಕೆಯನ್ನು ಅಪರಾಧವೆನ್ನುತ್ತದೆ, ಎನ್ನಬೇಕು ಕೂಡ. ಆದರೆ ಆ ಕಾಯ್ದೆಗೆ ಬಲ ಬಂದದ್ದು ಮಳೆಗಾಳಿಯಲ್ಲಿ ಆ ಗುಡಿಸಲಿನೊಳಗೆ ರಾತ್ರಿ ಕಳೆದ ಹೆಂಗಸರ ಸಂಕಟದಿಂದ. ಅವರು ಹೊರಗಿನವರಲ್ಲ. ಹಟ್ಟಿಯ ಯಜಮಾನನಿಗೆ ದೈವದ ಶುದ್ಧಿಯಾಗಿ ಕಾಣುವ ಅದೇ ನಿಯಮ ಬಾಣಂತಿಗೆ ಚಳಿಯಾಗಿ, ಹಾವಿನ ಭಯವಾಗಿ, ಕೂಸಿನ ಜ್ವರವಾಗಿ ಗೊತ್ತು. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ತಿದ್ದುತ್ತದೆ. ಗೆರೆ ಎಳೆಯಬೇಕಾದದ್ದು ಒಳಗಿನವರು, ಹೊರಗಿನವರು ಎಂದಲ್ಲ. ನಿಯಮ ಮಾಡುವವರು, ಅದನ್ನು ಹೊರುವವರು ಎಂದು. ಕಾವಲಿನ ವಿಷಯದಲ್ಲಿ ಹೊರುವವನು ಕಿಲಾರಿ, ಹಟ್ಟಿಯ ವಿಷಯದಲ್ಲಿ ಬಾಣಂತಿ. ಇಬ್ಬರನ್ನೂ ಕೇಳದೆ ನಿರ್ಧಾರವಾಯಿತು. ಒಂದು ಕಡೆ ವಿಧಾನಸೌಧದಲ್ಲಿ, ಇನ್ನೊಂದು ಕಡೆ ಕಟ್ಟೆಯ ಮೇಲೆ.

ಹೊರಗಿಂದ ಬಂದವರು ಇಲ್ಲಿಯವರಾದ ನಿದರ್ಶನ ಈ ಸೀಮೆಗೆ ಹೊಸದಲ್ಲ. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿ ಬೇರೆಡೆಯಿಂದ ಬಂದು ನೆಲೆಸಿದವರೆಂದೇ ಜನ ನೆನೆಯುತ್ತಾರೆ. ಅವರು ಕೆರೆಗಳನ್ನು ಕಟ್ಟಿಸಿದರು, ಮಾಡಿದವರಿಗೆ ಮಾಡಿದಷ್ಟು ಎಂಬ ಕೂಲಿಯ ನಿಯಮ ತಂದರು ಎನ್ನುತ್ತದೆ ಪ್ರತೀತಿ. ಕೆರೆ ಒಣಗಿದರೆ ಬಾಯಾರುವವರಲ್ಲಿ ಅವರೂ ಒಬ್ಬರಾಗಿದ್ದರು ಎನ್ನುವುದನ್ನು ಮರೆಯಬಾರದು. ಇವತ್ತಿನ ಹೊರಗಿನವರ ಕಡೆ ನೋಡಿದರೆ, ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಈಗ ನಾಡಿನ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ಒಳ್ಳೆಯ ಕೆಲಸವೆಂದು ಹೆಸರಾಗಿದೆ. ಗೋಡೆಯೊಳಗೆ ಇನ್ನೂ ಕಟ್ಟಡವೇಳದ ಎಕರೆಗಳಲ್ಲಿ ಹುಲ್ಲು ಬೆಳೆಯುತ್ತದೆ. ಗೋಡೆಯಾಚೆ ಬರದ ವರ್ಷಗಳಲ್ಲಿ ದೇವರ ಎತ್ತಿಗೆ ಮೇವು ಕೊಡಿ ಎಂದು ಕಿಲಾರಿಗಳು ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಹೋಗುತ್ತಾರೆ. ವಿಮಾನ ಹಾರಿಸುವ ಕಡೆ ದನ ಬಿಡಿ ಎಂದು ಯಾರೂ ಕೇಳಲಾರರು. ಉಳಿದ ಕಡೆ ಮೈಸೂರಿನ ಹಳೆಯ ಋತುವಿನ ವಿಂಗಡಣೆಯನ್ನೇ ಮತ್ತೆ ತರಬಹುದು. ಯಾವ ತಿಂಗಳು, ಯಾವ ಗೇಟು, ಎಷ್ಟು ದನ, ಬೀಗದ ಕೈ ಯಾರ ಬಳಿ ಎಂಬುದನ್ನು ಸಂಸ್ಥೆಗಳು ಮತ್ತು ಕಟ್ಟೆಮನೆಗಳು ಎದುರುಬದುರು ಕೂತು ಕಾಗದಕ್ಕೆ ಇಳಿಸಿದರೆ ಸಾಕು. ಆ ಕಾಗದಕ್ಕೆ ತಹಶೀಲ್ದಾರರ ಸಹಿಯ ಪಕ್ಕದಲ್ಲಿ ಕಿಲಾರಿಯ ಹೆಬ್ಬೆಟ್ಟೂ ಬೀಳಬೇಕು.