ಜೀಪು, ಕಾರಿನ ವಿಮೆ: ಹಣ ಉಳಿಸುವ ಮುನ್ನ ತಿಳಿಯಬೇಕಾದುದು

ಕಳೆದ ಮಳೆಗಾಲದಲ್ಲಿ ನಮ್ಮ ಸೀಮೆಯ ಬೆಳೆಗಾರರೊಬ್ಬರು ಭಾವಮೈದುನನನ್ನು ಕೂರಿಸಿಕೊಂಡು ಪೇಟೆಯಿಂದ ಮನೆಗೆ ಬರುತ್ತಿದ್ದಾಗ, ಅವರ ಜೀಪು ತಿರುವಿನಲ್ಲಿ ಜಾರಿ ಕೆಳಗಿನ ಗದ್ದೆಗೆ ಉರುಳಿತು. ಜೀವಕ್ಕೆ ಅಪಾಯವಾಗಲಿಲ್ಲವಾದರೂ ಭಾವಮೈದುನನ ಕಾಲು ಮುರಿಯಿತು. “ಇನ್ಶೂರೆನ್ಸ್ ಇದೆಯಲ್ಲ” ಎಂಬ ಧೈರ್ಯದಿಂದ ಕಾಗದ ತೆಗೆದು ನೋಡಿದರೆ ಅದು ಥರ್ಡ್ ಪಾರ್ಟಿ ಪಾಲಿಸಿ ಮಾತ್ರ. ಹಿಂದಿನ ವರ್ಷ ಎಲ್ಲಕ್ಕಿಂತ ಕಡಿಮೆ ಹಣದ್ದು ಬೇಕೆಂದು ಅವರೇ ಕೇಳಿ ಮಾಡಿಸಿಕೊಂಡದ್ದು. ಜೀಪಿನ ರಿಪೇರಿಗೂ ಒಂದು ಕಾಸು ಬರಲಿಲ್ಲ, ಆಸ್ಪತ್ರೆಯ ಖರ್ಚಿಗೂ ಬರಲಿಲ್ಲ. ಆ ವರ್ಷದ ಕಾಫಿಯ ಹಣದಲ್ಲಿ ದೊಡ್ಡ ಪಾಲು ಹೀಗೆಯೇ ಹೋಯಿತು.

ಇಂಥ ಸಂಗತಿ ಇನ್ನೊಬ್ಬ ಸದಸ್ಯರಿಗೆ ಆಗಬಾರದೆಂಬ ಉದ್ದೇಶದಿಂದ ಈ ನಾಲ್ಕು ಮಾತು.

ಪಾಲಿಸಿಯ ಎರಡು ಭಾಗಗಳು

ವಾಹನ ವಿಮೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮೊದಲನೆಯದು ಥರ್ಡ್ ಪಾರ್ಟಿ ವಿಮೆ. ನಮ್ಮ ವಾಹನದಿಂದ ರಸ್ತೆಯಲ್ಲಿ ಬೇರೆಯವರಿಗೆ ಆಗುವ ನಷ್ಟಕ್ಕೆ ಇದು ಹೊಣೆ. 1988ರ ಮೋಟಾರು ವಾಹನ ಕಾಯಿದೆಯಂತೆ ಇದು ಕಡ್ಡಾಯ. ಇಲ್ಲದೆ ವಾಹನ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು. ದಂಡಕ್ಕಿಂತ ದೊಡ್ಡ ಭಯ ಬೇರೆ ಇದೆ. ಅಪಘಾತದಲ್ಲಿ ಯಾರಾದರೂ ತೀರಿಕೊಂಡರೆ ನ್ಯಾಯಮಂಡಳಿ ವಿಧಿಸುವ ಪರಿಹಾರವನ್ನು ವಿಮೆಯಿಲ್ಲದ ಮಾಲೀಕ ತಾನೇ ತೆರಬೇಕು. ತೋಟ ಒತ್ತೆಯಿಡುವ ಸ್ಥಿತಿ ಬಂದರೂ ಆಶ್ಚರ್ಯವಿಲ್ಲ.

ಎರಡನೆಯದು ಸ್ವಂತ ಹಾನಿಯ ವಿಮೆ. ಅಪಘಾತ, ಬೆಂಕಿ, ಕಳವು, ಸಿಡಿಲು, ನೆರೆ, ಬಿರುಗಾಳಿ, ಭೂಕುಸಿತ, ಬಂಡೆ ಉರುಳುವಿಕೆ ಇವುಗಳಿಂದ ನಮ್ಮ ವಾಹನಕ್ಕೇ ಆಗುವ ನಷ್ಟವನ್ನು ಇದು ತುಂಬಿಕೊಡುತ್ತದೆ. ಕಾಯಿದೆ ಇದನ್ನು ಕಡ್ಡಾಯ ಮಾಡಿಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಕಂಡವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಭಾಗ ಸೇರಿದ್ದನ್ನು ಪ್ಯಾಕೇಜ್ ಪಾಲಿಸಿ ಎನ್ನುತ್ತಾರೆ.

ಇವಲ್ಲದೆ ವಾಹನ ಓಡಿಸುವ ಮಾಲೀಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಇರಬೇಕು. ಬೇರೆ ಕಡೆ ಈ ಮೊತ್ತದ ರಕ್ಷಣೆ ಈಗಾಗಲೇ ಇದ್ದರೆ ಮತ್ತೆ ಕೊಳ್ಳಬೇಕಾಗಿಲ್ಲ.

ಚೌಕಾಶಿ ಎಲ್ಲಿ ನಡೆಯುತ್ತದೆ?

1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣಗೊಂಡ ಬಳಿಕ ಬಹುಕಾಲ ನಾಲ್ಕು ಸರ್ಕಾರಿ ಕಂಪನಿಗಳೇ ಇದ್ದವು, ದರಪಟ್ಟಿಯೂ ಒಂದೇ ಇತ್ತು. ಎಲ್ಲಿ ಮಾಡಿಸಿದರೂ ಒಂದೇ ಹಣ. 2000ದ ನಂತರ ಖಾಸಗಿ ಕಂಪನಿಗಳು ಬಂದವು. 2007ರ ಜನವರಿಯಿಂದ ಸ್ವಂತ ಹಾನಿಯ ದರವನ್ನು ಆಯಾ ಕಂಪನಿಯೇ ಗೊತ್ತುಮಾಡಲು ಅವಕಾಶವಾಯಿತು. ಆದುದರಿಂದ ಈ ಭಾಗದಲ್ಲಿ ಮಾತ್ರ ನಾಲ್ಕು ಕಡೆ ವಿಚಾರಿಸುವುದರಿಂದ ಲಾಭವಿದೆ.

ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ ಖಾಸಗಿ ಕಾರುಗಳಿಗೆ, ತೆರಿಗೆ ಬಿಟ್ಟು, ವರ್ಷಕ್ಕೆ ಹೀಗೆ: 1000 ಸಿ.ಸಿ.ವರೆಗೆ 2,094 ರೂಪಾಯಿ. 1000ದಿಂದ 1500 ಸಿ.ಸಿ.ವರೆಗೆ 3,416, ಅದಕ್ಕೂ ಮೇಲ್ಪಟ್ಟು 7,897. ಹೊಸ ಬೊಲೆರೊ 1493 ಸಿ.ಸಿ.ಯದಾದ್ದರಿಂದ ನಡುವಿನ ದರಕ್ಕೆ ಸೇರುತ್ತದೆ. ಹಳೆಯ 2523 ಸಿ.ಸಿ.ಯ ಬೊಲೆರೊ ಮೇಲಿನ ದರಕ್ಕೆ. ನಿಮ್ಮ ಆರ್.ಸಿ.ಯಲ್ಲಿರುವ ಸಿ.ಸಿ.ಯನ್ನು ಪಾಲಿಸಿಯೊಡನೆ ತಾಳೆ ನೋಡಿಕೊಳ್ಳಿ. “ಥರ್ಡ್ ಪಾರ್ಟಿಯನ್ನೇ ಅಗ್ಗಕ್ಕೆ ಮಾಡಿಸಿಕೊಡುತ್ತೇನೆ” ಎನ್ನುವವರನ್ನು ನಂಬಬೇಡಿ. ಆ ಕಾಗದ ನಕಲಿಯಿರಬಹುದು.

ಅಗ್ಗವಾದದ್ದು ಹೇಗೆ ಅಗ್ಗವಾಯಿತು?

ಒಬ್ಬ ಏಜೆಂಟ್ 14,000 ಹೇಳಿ ಇನ್ನೊಬ್ಬ 11,000 ಹೇಳಿದರೆ, ಆ ಮೂರು ಸಾವಿರ ಎಲ್ಲಿ ಕಡಿಮೆಯಾಯಿತೆಂದು ಕೇಳುವುದೇ ಜಾಣತನ. ಸಾಮಾನ್ಯವಾಗಿ ಮೂರು ಕಡೆ ಕತ್ತರಿ ಬಿದ್ದಿರುತ್ತದೆ.

ಮೊದಲನೆಯದು, ವಾಹನದ ಘೋಷಿತ ಮೌಲ್ಯ, ಅಂದರೆ ಐ.ಡಿ.ವಿ. ವಾಹನ ಕಳವಾದರೆ ಅಥವಾ ಪೂರ್ತಿ ನಾಶವಾದರೆ ಸಿಗುವುದು ಇದರ ಲೆಕ್ಕದಲ್ಲಿಯೇ. ಎರಡು ವರ್ಷ ದಾಟಿ ಮೂರು ವರ್ಷ ತುಂಬದ ವಾಹನಕ್ಕೆ ಬೆಲೆಯಲ್ಲಿ ಶೇಕಡಾ 30 ಸವಕಳಿ ಕಳೆಯುವುದು ವಾಡಿಕೆ. ನಾಲ್ಕರಿಂದ ಐದು ವರ್ಷದ್ದಾದರೆ ಶೇಕಡಾ 50. ಐದು ವರ್ಷ ದಾಟಿದ ಮೇಲೆ ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿಕೊಂಡದ್ದೇ ಮೌಲ್ಯ. ಇದನ್ನು ಇಳಿಸಿದರೆ ಪ್ರೀಮಿಯಂ ಇಳಿಯುತ್ತದೆ, ಪರಿಹಾರವೂ ಇಳಿಯುತ್ತದೆ.

ಎರಡನೆಯದು, ನಾವೇ ಭರಿಸಬೇಕಾದ ಪಾಲು. ಪ್ರತಿ ಕ್ಲೇಮಿನಲ್ಲಿ 1500 ಸಿ.ಸಿ.ವರೆಗಿನ ಕಾರಿಗೆ 1,000 ರೂಪಾಯಿ, ಮೇಲ್ಪಟ್ಟದ್ದಕ್ಕೆ 2,000 ರೂಪಾಯಿ ಕಡ್ಡಾಯವಾಗಿ ನಮ್ಮದೇ. ಇನ್ನೂ ಹೆಚ್ಚು ಭರಿಸುತ್ತೇವೆಂದು ಒಪ್ಪಿದರೆ ರಿಯಾಯಿತಿ ಸಿಗುತ್ತದೆ. ಒಪ್ಪಿದ್ದೀರೋ ಇಲ್ಲವೋ ನೋಡಿಕೊಳ್ಳಿ.

ಮೂರನೆಯದು, ಹೆಚ್ಚುವರಿ ರಕ್ಷಣೆಗಳು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ, ಬ್ಯಾಟರಿಗೆ ಅರ್ಧ ಸವಕಳಿ ಹಿಡಿದು ಉಳಿದ ಅರ್ಧವನ್ನಷ್ಟೇ ಕೊಡುತ್ತಾರೆ. ಇದನ್ನು ತಪ್ಪಿಸುವುದೇ ಜೀರೋ ಡೆಪ್ರಿಸಿಯೇಶನ್ ರಕ್ಷಣೆ. ಹೊಸ ವಾಹನಕ್ಕೆ ಇದು ಯೋಗ್ಯ. ಮಳೆನಾಡಿನವರು ಇಂಜಿನ್ ರಕ್ಷಣೆಯನ್ನೂ ವಿಚಾರಿಸಬೇಕು. ನೀರಿನಲ್ಲಿ ನಿಂತ ವಾಹನವನ್ನು ಸ್ಟಾರ್ಟ್ ಮಾಡಿ ಇಂಜಿನ್ ಕೆಟ್ಟರೆ ಸಾದಾ ಪಾಲಿಸಿಯಲ್ಲಿ ಅದನ್ನು ನೇರ ಹಾನಿಯೆಂದು ಒಪ್ಪುವುದಿಲ್ಲ. ಆದುದರಿಂದ ನೀರು ಹೊಕ್ಕಾಗ ಕೀ ತಿರುಗಿಸದೆ, ಕಂಪನಿಗೆ ತಿಳಿಸಿ, ಎಳೆಸಿಕೊಂಡು ಹೋಗುವುದೇ ಸರಿ.

ಹೋಲಿಸುವಾಗ ಮೌಲ್ಯ, ಭರಿಸುವ ಪಾಲು, ಹೆಚ್ಚುವರಿ ರಕ್ಷಣೆ ಮೂರನ್ನೂ ಒಂದೇ ಆಗಿರಿಸಿ, ಮೂರು ಕಂಪನಿಗಳಿಂದ ಬರಹದಲ್ಲಿ ದರ ತರಿಸಿ. ಆಗ ಮಾತ್ರ ನಿಜವಾಗಿ ಅಗ್ಗ ಯಾವುದೆಂದು ಗೊತ್ತಾಗುತ್ತದೆ.

ಸಣ್ಣ ಕ್ಲೇಮಿನ ನಷ್ಟ

ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇಕಡಾ 20, 25, 35, 45, 50 ಎಂದು ಏರುವ ರಿಯಾಯಿತಿಯೇ ನೋ ಕ್ಲೇಮ್ ಬೋನಸ್. ಒಂದು ಉದಾಹರಣೆ ನೋಡೋಣ. ಸಣ್ಣ ಕಾರಿನ ಪ್ಲಾಸ್ಟಿಕ್ ಬಂಪರ್ ಒಡೆದು 4,000 ರೂಪಾಯಿ ಖರ್ಚು ಬಂತು. ಅರ್ಧ ಸವಕಳಿ ಹೋಗಿ 2,000; ನಮ್ಮ ಪಾಲು ಕಳೆದು ಕೈಗೆ ಬರುವುದು 1,000. ಆದರೆ ಸ್ವಂತ ಹಾನಿಯ ಪ್ರೀಮಿಯಂ 8,000 ಇದ್ದು ಅರ್ಧ ರಿಯಾಯಿತಿ ಪಡೆಯುತ್ತಿದ್ದವರು ಮುಂದಿನ ವರ್ಷ 4,000 ಕಳೆದುಕೊಳ್ಳುತ್ತಾರೆ. ಆ ಮೆಟ್ಟಿಲನ್ನು ಮತ್ತೆ ಏರಲು ಐದು ವರ್ಷ ಬೇಕು. ಸಣ್ಣ ರಿಪೇರಿಯನ್ನು ಕೈಯಿಂದ ಮಾಡಿಸುವುದೇ ಲೇಸು.

ಈ ಬೋನಸ್ ವಾಹನದ್ದಲ್ಲ, ಮಾಲೀಕನದು. ಹಳೆಯದನ್ನು ಮಾರಿ ಹೊಸದು ಕೊಂಡಾಗ ಜೊತೆಗೆ ತರಬಹುದು. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕೈಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಜೀಪು ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಹಳೆಯ ಮಾಲೀಕನ ಹೆಸರಿನಲ್ಲಿಯೇ ಬಿಟ್ಟರೆ ಸ್ವಂತ ಹಾನಿಯ ಪರಿಹಾರಕ್ಕೆ ತೊಡಕಾಗುತ್ತದೆ.

ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದುದು

ಖಾಸಗಿ ವಾಹನದ ಪಾಲಿಸಿ ಬಾಡಿಗೆಗೆ ಜನರನ್ನು ಒಯ್ಯುವುದಕ್ಕೂ ಸರಕು ಸಾಗಿಸುವುದಕ್ಕೂ ಅನ್ವಯಿಸುವುದಿಲ್ಲ. ಜೀಪಿನ ತುಂಬ ಅಡಿಕೆ ಮೂಟೆ ಹೇರಿಕೊಂಡು ಮಂಡಿಗೆ ಹೋಗುವ ಅಭ್ಯಾಸವಿದ್ದವರು ಇದನ್ನು ಯೋಚಿಸಬೇಕು.

ಪಿಕಪ್ಪಿನ ಹಿಂದೆ ಕೆಲಸದವರನ್ನು ನಿಲ್ಲಿಸಿಕೊಂಡು ತೋಟಕ್ಕೆ ಹೋಗುವುದು ಇನ್ನೂ ಅಪಾಯಕರ. ಸರಕು ವಾಹನದಲ್ಲಿ ಪುಕ್ಕಟೆಯಾಗಿ ಪ್ರಯಾಣ ಮಾಡುವವರ ಹೊಣೆ ವಿಮಾ ಕಂಪನಿಗಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ತೀರ್ಪಿತ್ತಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸರಕಿನೊಡನೆ ಹೋಗುವಾಗ ಮಾತ್ರ ಕಾಯಿದೆಯ ರಕ್ಷಣೆ ಇದೆ. ಸಂಬಳದ ಡ್ರೈವರ್ ಇದ್ದವರು ಅವನ ಸಲುವಾಗಿ ಅಲ್ಪ ಹಣ ಕಟ್ಟಿ ಪಾಲಿಸಿಯಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು. ಓಡಿಸುವವರ ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಆಗಾಗ ನೋಡುತ್ತಿರಬೇಕು.

ಇನ್ನು ಮೊದಲು ಹೇಳಿದ ಭಾವಮೈದುನನ ವಿಷಯ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದಾಗ ಖಾಸಗಿ ಕಾರಿನೊಳಗೆ ಕುಳಿತವರು ಅದರಲ್ಲಿ ಸೇರುವುದಿಲ್ಲ. ಪ್ಯಾಕೇಜ್ ಪಾಲಿಸಿಯಲ್ಲಿ ಸೇರುತ್ತಾರೆ. 2012ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ. ವಾಹನ ಹಳೆಯದಾಯಿತು, ಅದರ ಬೆಲೆ ಏನು ಮಹಾ ಎಂದು ಸ್ವಂತ ಹಾನಿಯ ಭಾಗ ಬಿಡುವವರು, ಒಳಗೆ ಕುಳಿತಿರುವ ಹೆಂಡತಿ ಮಕ್ಕಳು, ನೆಂಟರಿಷ್ಟರ ರಕ್ಷಣೆಯನ್ನೂ ಬಿಟ್ಟಂತಾಗುತ್ತದೆ.

ಕ್ಲೇಮಿನಲ್ಲಿ ಅನ್ಯಾಯವಾಯಿತೆಂದು ಕಂಡರೆ ಮೊದಲು ಕಂಪನಿಗೆ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ.

ಸದಸ್ಯರು ಇಂದು ಸಂಜೆಯೇ ತಮ್ಮ ಪಾಲಿಸಿಯನ್ನು ಬೀರುವಿನಿಂದ ಹೊರತೆಗೆದು, ಅದು ಯಾವ ಬಗೆಯದು, ಮೌಲ್ಯವೆಷ್ಟು, ಕೊನೆಯ ದಿನಾಂಕ ಯಾವುದು ಎಂಬ ಮೂರನ್ನು ಓದಿ ನೋಡಲಿ. ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಲಿ. ಇಷ್ಟಕ್ಕೆ ಕಾಲು ಗಂಟೆ ಸಾಕು.