ಕೊಂಬೆಯೇ ಕುರ್ಚಿಯಾಗುವ ಬಗೆ

ಪ್ರಶ್ನೆ: ಹಲಗೆ ಕೊಯ್ಯದೆ, ಕೊಂಬೆಗಳನ್ನು ಇದ್ದ ರೂಪದಲ್ಲಿಯೇ ಜೋಡಿಸಿ ಕುರ್ಚಿ, ಬೆಂಚುಗಳನ್ನು ಮಾಡಬಹುದೆ? ಅವು ಬಾಳಿಕೆ ಬರುವುವೆ?
— ಓದುಗರೊಬ್ಬರು, ಹೆಮ್ಮರಗಾಲ

ಉತ್ತರ: ಅವಶ್ಯವಾಗಿ ಮಾಡಬಹುದು; ಅದಕ್ಕೆ ನಿದರ್ಶನವನ್ನು ದೂರದೇಶಗಳಲ್ಲಿ ಅರಸಬೇಕಾದುದಿಲ್ಲ. ತಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನ ಕುಶಲಿಗಳು, ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಕೊಟ್ಟ ತರಬೇತಿಯ ಬಲದಿಂದ, 2004ರಿಂದೀಚೆಗೆ ಲಂಟಾನದ ಕೊಂಬೆಗಳಲ್ಲಿ ಕುರ್ಚಿ, ಮೇಜುಗಳನ್ನು ರಚಿಸುತ್ತ ಬಂದಿದ್ದಾರೆ. ಅಮೆರಿಕದ ಉಷ್ಣಪ್ರದೇಶಗಳಿಂದ 19ನೆಯ ಶತಮಾನದ ಆದಿಯಲ್ಲಿ ಉದ್ಯಾನದ ಅಲಂಕಾರಕ್ಕೆಂದು ತರಲ್ಪಟ್ಟು, ಕಾಲಕ್ರಮದಲ್ಲಿ ನಮ್ಮ ಅರಣ್ಯಗಳನ್ನೇ ಆಕ್ರಮಿಸಿ, ಹುಲ್ಲನ್ನೂ ನಾಡಸಸಿಗಳನ್ನೂ ಅಡಗಿಸಿರುವ ಈ ಪೊದೆಯನ್ನು ಕಡಿದು ಬಳಸುವುದು, ಕಾಡಿಗೂ ಹಿತವಾದ, ದುಡಿವವರಿಗೂ ಜೀವನೋಪಾಯವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ.

ಅವರ ವಿಧಾನ ಸರಳವಾದುದು: ಕೋಲುಗಳನ್ನು ನೀರಿನಲ್ಲಿ ಚೆನ್ನಾಗಿ ಕುದಿಸಿ, ಸಿಪ್ಪೆ ಸುಲಿದು, ಬಿಸಿ ಆರುವ ಮುನ್ನವೇ ಬೇಕಾದಂತೆ ಬಾಗಿಸಿ ಮೊಳೆ ಹೊಡೆಯುತ್ತಾರೆ; ಉಷ್ಣದಿಂದ ಮೃದುವಾದ ನಾರು ತಣಿದು ಒಣಗಿದಾಗ ಆ ಬಾಗನ್ನೇ ಹಿಡಿದು ನಿಲ್ಲುತ್ತದೆ.

ತಾವು ಹೊಲದ ಬದುವಿನ ಮರಗಳನ್ನು ಸವರಿದಾಗ ದೊರೆತ ಕೊಂಬೆಗಳನ್ನು ಬಳಸುವುದಾದರೆ, ಹುಳುಗಳಿಗೆ ಆಶ್ರಯವಾಗುವ ತೊಗಟೆಯನ್ನು ಮೊದಲು ತೆಗೆಯಿರಿ. ಬಿರುಬಿಸಿಲಿಗೆ ಸೀಳುವುದರಿಂದ ನೆರಳಿನಲ್ಲಿಯೇ ನಿಧಾನವಾಗಿ ಒಣಗಿಸಿರಿ. ಪೂರ್ಣವಾಗಿ ಒಣಗಿದ ಅಡ್ಡಕೋಲಿನ ತುದಿಯನ್ನು ಇನ್ನೂ ಅರೆಹಸಿಯಾಗಿರುವ ಕಾಲಿನ ರಂಧ್ರಕ್ಕೆ ಬಿಗಿಯಾಗಿ ಸೇರಿಸಿದರೆ, ಕಾಲು ಒಣಗಿ ಕುಗ್ಗಿದಂತೆಲ್ಲ ಕೀಲು ತಾನಾಗಿಯೇ ಗಟ್ಟಿಯಾಗುವುದು. ಕವಲೊಡೆದ ಕೊಂಬೆಯಂತೂ ಕೀಲಿಲ್ಲದ ಆಧಾರವೇ ಸರಿ. ಅಂತಹುದನ್ನು ಭಾರ ಬೀಳುವೆಡೆಯಲ್ಲಿ ಬಳಸಿರಿ. ಎಣ್ಣೆ ಸವರಿ, ಮಳೆಗೆ ತೋಯದಂತೆ, ಹಸಿ ನೆಲಕ್ಕೆ ತಾಗದಂತೆ ಕಾಪಾಡಿದಲ್ಲಿ ಇಂತಹ ಆಸನ ಬಹುಕಾಲ ಬಾಳುವುದು.